ಅಂಗನವಾಡಿಯ ಪಕ್ಕದ ಗೊಬ್ಬರ ಗೋದಾಮನ್ನು ತೆರವುಗೊಳಿಸಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮಂಜೇಶ್ವರ ತಾಲೂಕಿನ ಗಡಿಭಾಗದಲ್ಲಿ ಅಡಿಕೆ ತೋಟ ಮತ್ತು ಎರಡು ಹಸುಗಳನ್ನು ನಂಬಿಕೊಂಡು ಬದುಕುತ್ತಿರುವ ಕೃಷಿಕ ನಾನು. ಎರಡು ಹಸುಗಳಲ್ಲಿ ಈಗ ಒಂದೇ ಉಳಿದಿದೆ. ನಮ್ಮ ಊರಿನ ಅಂಗನವಾಡಿಗೆ ತಾಗಿಕೊಂಡಿರುವ ಗೊಬ್ಬರದ ಗೋದಾಮನ್ನು ಅಲ್ಲಿಂದ ತೆರವುಗೊಳಿಸಬೇಕೆಂದು ಊರಿನವರು ಹಲವು ವರ್ಷಗಳಿಂದ ಕೇಳುತ್ತಿದ್ದೇವೆ. ಕೊಟ್ಟ ಅರ್ಜಿಗಳಿಗೆ ರಶೀದಿ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಆದ್ದರಿಂದಲೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಗೋದಾಮು ಎಂದರೆ ಹಳೆಯ ಹೆಂಚಿನ ಕಟ್ಟಡ. ಒಂದೇ ಕೋಣೆ, ಒಂದೇ ಬಾಗಿಲು, ತೇವ ಏರಿದ ಗೋಡೆಗಳು. ಯೂರಿಯಾ, ಪೊಟ್ಯಾಷ್ ಮತ್ತು ಅಮೋನಿಯಂ ಸಲ್ಫೇಟಿನ ಚೀಲಗಳು ಬರಿ ನೆಲದ ಮೇಲೆ ಬಿದ್ದಿರುತ್ತವೆ. ಅವುಗಳ ಪಕ್ಕದಲ್ಲೇ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ, ಕಳೆನಾಶಕದ ಕ್ಯಾನುಗಳು, ಬಾವಿಗಳಿಗೆ ಹಾಕಲು ತಂದಿಟ್ಟ ಬ್ಲೀಚಿಂಗ್ ಪೌಡರ್. ಎದುರು ಗೋಡೆಗೆ ಒರಗಿಸಿಟ್ಟದ್ದು ದನಗಳಿಗೆ ಹಾಕುವ ಹಿಂಡಿಯ ಮೂಟೆಗಳು! ಕೀಟನಾಶಕ ನಿಯಮಾವಳಿ 1971ರ 36ನೆಯ ನಿಯಮ ತಮಗೆ ತಿಳಿಯದ್ದಲ್ಲ. ಕೀಟನಾಶಕಗಳು ಬೇರೆ ಸರಕುಗಳಿಂದ ದೂರ, ಪ್ರತ್ಯೇಕ ಕೋಣೆಯಲ್ಲಿ ಅಥವಾ ಬೀಗ ಹಾಕಿದ ಕಪಾಟಿನಲ್ಲಿ ಇರಬೇಕು. ಆ ಕೋಣೆ ಒಣಗಿರಬೇಕು, ಗಾಳಿ ಬೆಳಕು ಇರಬೇಕು. ಕಾನೂನಿನ ದೃಷ್ಟಿಯಲ್ಲಿ ಕಳೆನಾಶಕವೂ ಕೀಟನಾಶಕವೇ. ನಮ್ಮ ಗೋದಾಮಿಗೆ ಈ ನಿಯಮದ ಒಂದು ಸಾಲೂ ಅನ್ವಯವಾಗುವುದಿಲ್ಲವೇ?

ಕಳೆದ ಆಟಿ ತಿಂಗಳಲ್ಲಿ ಹೆಂಚು ಸೋರಿ ಯೂರಿಯಾದ ಚೀಲಗಳು ಕರಗಿದವು. ಕರಗಿದ ನೀರು ಬಾಗಿಲಿನ ಸಂದಿಯಿಂದ ಹರಿದು ದಾರಿಯ ಹೊಂಡದಲ್ಲಿ ನಿಂತಿತ್ತು. ನಮ್ಮ ಗಬ್ಬದ ಹಸುವನ್ನು ಮೇಯಲು ಹೊಡೆದುಕೊಂಡು ಹೋಗುವಾಗ ಅದು ಆ ನೀರಿಗೆ ಬಾಯಿ ಹಾಕಿತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಯೂರಿಯಾ ಬೇಗನೆ ಅಮೋನಿಯಾ ಆಗಿ ರಕ್ತಕ್ಕೆ ಸೇರುತ್ತದೆ ಎಂದು ಪಶುವೈದ್ಯರು ಆಮೇಲೆ ವಿವರಿಸಿದರು. ಕಣ್ಣೆದುರು ಕಂಡದ್ದು ಇಷ್ಟು: ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ ಬಂತು, ಕಾಲುಗಳು ಸೆಟೆದುಕೊಂಡವು. ವೈದ್ಯರು ಮಳೆಯಲ್ಲಿ ಗುಡ್ಡ ಹತ್ತಿ ಬಂದು ತಣ್ಣೀರು, ವಿನೆಗರ್ ಕುಡಿಸಿ ನೋಡುವ ಹೊತ್ತಿಗೆ ತಡವಾಗಿತ್ತು. ಕರುವೂ ಹೊಟ್ಟೆಯಲ್ಲೇ ಹೋಯಿತು. ಹಾಲಿನ ದುಡ್ಡಿನಿಂದ ಮಗಳ ಕಾಲೇಜಿನ ಖರ್ಚು ನಡೆಯುತ್ತಿತ್ತು. ಈ ವರ್ಷ ಅದಕ್ಕೆ ಸಾಲ ಮಾಡಿದ್ದೇನೆ.

ಪರಿಹಾರ ಕೇಳಲು ಕಚೇರಿಗೆ ಹೋದೆ. ಮೇಜಿನ ಹಿಂದೆ ಕುಳಿತಿದ್ದವರು ಪಶುವೈದ್ಯರ ಪತ್ರವನ್ನು ತಿರುಗಿಸಿಯೂ ನೋಡದೆ, "ದನವನ್ನು ಕಟ್ಟಿಹಾಕಬೇಕಿತ್ತು" ಎಂದರು. ಸ್ವಾಮಿ, ಕಟ್ಟಿಹಾಕಬೇಕಾದದ್ದು ದನವನ್ನಲ್ಲ. ಅದು ಹುಟ್ಟಿದಾಗಿನಿಂದ ನಡೆದ ದಾರಿ ಅದು. ವಿಷವನ್ನು ದಾರಿಗೆ ಹರಿಯಬಿಟ್ಟವರನ್ನು ಕೇಳುವವರಿಲ್ಲ, ದನ ಸತ್ತವನಿಗೆ ಬುದ್ಧಿವಾದ!

ಅದೇ ದಾರಿಯಲ್ಲಿ ಅಂಗನವಾಡಿಯ ಮಕ್ಕಳು ನಡೆಯುತ್ತಾರೆ. ನೆನೆದ ಅಮೋನಿಯಂ ಸಲ್ಫೇಟಿಗೆ ಸುಣ್ಣ ತಾಗಿದರೆ ಅಮೋನಿಯಾ ಅನಿಲ ಹೊರಬರುತ್ತದೆ. ಅದೇ ಮಳೆಗಾಲದಲ್ಲಿ ಇನ್ನೊಂದು ದಿನ ಹಾಗೆಯೇ ಆಗಿ, ಮಕ್ಕಳು ಕಣ್ಣುಜ್ಜಿಕೊಂಡು ಕೆಮ್ಮುತ್ತಾ ಅಂಗಳಕ್ಕೆ ಓಡಿಬಂದರು. ಒದ್ದೆಯಾದ ಬ್ಲೀಚಿಂಗ್ ಪೌಡರಿನೊಡನೆ ಯೂರಿಯಾ ಬೆರೆತರೆ ವಿಷಾನಿಲದ ಜೊತೆಗೆ ಸ್ಫೋಟಕ ವಸ್ತುವೂ ಉಂಟಾಗಬಹುದು. ಇವೆರಡನ್ನೂ ಒಂದೇ ಸೋರುವ ಮಾಡಿನ ಕೆಳಗೆ ಇಡಲು ಅನುಮತಿ ಕೊಟ್ಟವರು ಯಾರು? ಗೋದಾಮನ್ನು ಅಲ್ಲಿಂದ ತೆಗೆಯಿರಿ.

ನಮ್ಮ ಕಡೆ ಬಾವಿಗಿಂತ ಸುರಂಗಗಳ ನೀರನ್ನು ನಂಬಿದ ಮನೆಗಳೇ ಹೆಚ್ಚು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಜಿನುಗುವ ನೀರನ್ನು ಹಿಡಿದು ಕುಡಿಯುವವರು ನಾವು. ಮುರಕಲ್ಲು ನೀರನ್ನು ತಡೆಯುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲೆ ಕರಗಿದ ಗೊಬ್ಬರ ಮಣ್ಣಿನಲ್ಲಿ ನೈಟ್ರೇಟ್ ಆಗಿ ಕೆಳಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಏಕೆಂದರೆ ಅದು ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಗೋದಾಮಿನ ಕೆಳಗಿನ ಸುರಂಗಗಳ ನೀರನ್ನು ಪರೀಕ್ಷೆಗೆ ಕಳುಹಿಸಿ ಎಂಬ ನಮ್ಮ ಅರ್ಜಿಯೂ ತಮ್ಮ ಕಡತಗಳ ನಡುವೆ ಎಲ್ಲೋ ಇದೆ.

ಈ ಜಿಲ್ಲೆಯಲ್ಲಿ ಕುಳಿತ ಅಧಿಕಾರಿಗೆ ಎಂಡೋಸಲ್ಫಾನ್ ಕೀಟನಾಶಕದ ಕಥೆಯನ್ನು ನಾನು ಹೇಳಬೇಕೇ? ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ವಿಷ ಸುರಿದರು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಅದೇ ನ್ಯಾಯಾಲಯ ಆದೇಶಿಸಿದ್ದು 2017ರಲ್ಲಿ. ಆ ವಿಷದಿಂದ ನಲುಗಿದ ಎಣ್ಮಕಜೆ ಊರಿನ ತಾಯಂದಿರು ದೊಡ್ಡವರಾದ ಮಕ್ಕಳನ್ನು ಇಂದಿಗೂ ಎತ್ತಿಕೊಂಡೇ ಓಡಾಡುತ್ತಿದ್ದಾರೆ. ಇಷ್ಟನ್ನೂ ಕಂಡ ಜಿಲ್ಲೆಯಲ್ಲಿ ರಾಸಾಯನಿಕದ ಬಗ್ಗೆ ಬಂದ ದೂರನ್ನು ವರ್ಷಗಟ್ಟಲೆ ತೆರೆಯದೆ ಇಡಲು ಮನಸ್ಸಾದರೂ ಹೇಗೆ ಬರುತ್ತದೆ?

ನಾನು ಗೊಬ್ಬರದ ವಿರೋಧಿಯಲ್ಲ. ಕೊಳೆರೋಗ ಬಂದರೆ ಅಡಿಕೆ ಉದುರುತ್ತದೆ. ಮಳೆ ಹಿಡಿಯುವ ಮೊದಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ನಾನೂ ಬೋರ್ಡೊ ದ್ರಾವಣ ಸಿಂಪಡಿಸುತ್ತೇನೆ. ಗೋದಾಮು ಊರಿಗೆ ಬೇಕು, ಅಂಗನವಾಡಿಯ ಗೋಡೆಗೆ ತಾಗಿಕೊಂಡು ಬೇಡ. ಮನೆಗಳಿಂದ, ಸುರಂಗಗಳಿಂದ ದೂರದಲ್ಲಿ, ನೀರು ನಿಲ್ಲದ ಜಾಗದಲ್ಲಿ ಕಟ್ಟಿ. ಸೋರದ ಮಾಡು, ಸಿಮೆಂಟಿನ ನೆಲ, ಚೀಲಗಳ ಅಡಿಗೆ ಹಲಗೆ, ಕೀಟನಾಶಕಕ್ಕೆ ಬೇರೆ ಕೋಣೆ ಇರಲಿ. ಹಿಂಡಿಯ ಮೂಟೆ ಅದರ ಹತ್ತಿರವೂ ಸುಳಿಯಬಾರದು. ಎಚ್ಚರಿಕೆಯ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಲಿ. ಚೀಲ ಹೊರುವ ನಮ್ಮ ಕಡೆಯ ಹಿರಿಯರಲ್ಲಿ ಹಲವರಿಗೆ ಓದಲು ಬರುವುದು ಕನ್ನಡ ಮಾತ್ರ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ. ವಿಪತ್ತು ಆಗುವವರೆಗೆ ಕಾಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಗೋದಾಮನ್ನು ತೆರವುಗೊಳಿಸಿ. ಹೊಸ ಕಟ್ಟಡಕ್ಕೆ ಸಮಯ ಬೇಕಾದರೆ ಕಳೆನಾಶಕ ಮತ್ತು ಬ್ಲೀಚಿಂಗ್ ಪೌಡರನ್ನು ಈ ವಾರವೇ ಅಲ್ಲಿಂದ ಸಾಗಿಸಿ. ಗೋದಾಮನ್ನು ಯಾವ ದಿನಾಂಕದೊಳಗೆ ತೆರವುಗೊಳಿಸುತ್ತೀರಿ ಎಂಬುದನ್ನು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಿ.

ಇಂತಿ,
ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ