ಜಗಳವಾಡುವ ಭಾಷೆಯಲ್ಲೇ ಮಾತು ಕೊಡು

ಸಕಲೇಶಪುರ
ಭಾನುವಾರ ರಾತ್ರಿ

ಗೆಳೆಯಾ,

ವಾಟ್ಸಾಪಿನಲ್ಲಿ ಕಳಿಸಿದ್ದೆಯಲ್ಲ, ನಿಮ್ಮ ಮದುವೆಯ ಪ್ರತಿಜ್ಞೆಗಳ ಕರಡು, ಓದಿದೆ. ಎರಡು ಸಾಲು ಉಪನಿಷತ್ತು, ಎರಡು ಸಾಲು ಬೈಬಲ್, ನಡುವೆ ಒಂದು ವಚನ. ತಕ್ಕಡಿಯಲ್ಲಿ ತೂಗಿದ ಹಾಗಿದೆ ಮಾರಾಯ. ನಿಮ್ಮಪ್ಪನಿಗೂ ಅವಳಮ್ಮನಿಗೂ ಬೇಜಾರಾಗಬಾರದು ಅಂತ ಬರೆದದ್ದು ಗೊತ್ತಾಗುತ್ತೆ. ನೀನು ಅವಳಿಗೆ ಏನು ಹೇಳಿದೆ ಅನ್ನೋದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ನಿಮ್ಮಂಥ ಬೇರೆ ಬೇರೆ ಧರ್ಮದವರೂ ಮದುವೆಯಾಗಬಹುದಾದ 1954ರ ವಿಶೇಷ ವಿವಾಹ ಕಾಯ್ದೆ ಕೇಳುವುದು ಒಂದೇ ವಾಕ್ಯ ಕಣೋ. ವಿವಾಹ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ನಿನ್ನನ್ನು ಕಾನೂನುಬದ್ಧ ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ ನೀನು, ಗಂಡನಾಗಿ ಅಂತ ಅವಳು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಆಗುತ್ತೆ. ಉಳಿದ ಶಾಸ್ತ್ರವೆಲ್ಲ ನಿಮ್ಮಿಷ್ಟ. ಹೆಚ್ಚಿನ ಶುಲ್ಕ ಕಟ್ಟಿದರೆ, ತೀರಾ ದೂರವಲ್ಲದ ಬೇರೆ ಜಾಗದಲ್ಲೂ ಮದುವೆ ಇಟ್ಟುಕೊಳ್ಳಬಹುದು, ನಿಮ್ಮ ಕಾಫಿ ಕಣದಲ್ಲೇ ಬೇಕಾದರೆ. (ಕೊಯ್ಲಿನ ಹೊತ್ತಿಗೆ ಮಾತ್ರ ಬೇಡ. ಹಣ್ಣು ಹರವಲು ಜಾಗವಿಲ್ಲ ಅಂತ ನಿಮ್ಮಪ್ಪ ಇನ್ನೊಂದು ಸುತ್ತು ಕೂಗಾಡ್ತಾರೆ.) ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸು ಬಿದ್ದುಹೋಗುತ್ತೆ. ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದ್ದ ನಮ್ಮ ನೋಟಿಸನ್ನು ಮೊದಲು ಓದಿದ್ದು, ಜಮೀನಿನ ಪತ್ರಕ್ಕೆ ಹಾಸನಕ್ಕೆ ಹೋಗಿದ್ದ ನಮ್ಮ ಚಿಕ್ಕಪ್ಪ. ಆ ಕತೆ ನಿನಗೆ ಗೊತ್ತೇ ಇದೆ.

ಆ ದಿನ 'ಸ್ವೀಕರಿಸುತ್ತೇನೆ' ಅನ್ನುವಾಗ ನನ್ನವಳಿಗೆ ನಗು ತಡೆಯಲಾಗಲಿಲ್ಲ. ಪಾರ್ಸೆಲ್ ಇಸ್ಕೊಂಡ ಹಾಗಿತ್ತು ಅಂದಳು ಆಮೇಲೆ. ಧಾರೆಯೂ ಇಲ್ಲ, ನಿಕಾಹೂ ಇಲ್ಲ. ಅದೇ ಮೂವರು ಸಾಕ್ಷಿಗಳನ್ನು ನಮ್ಮನೆ ಜಗಲಿಯಲ್ಲಿ ಕೂರಿಸಿಕೊಂಡು, ನಾವೇ ಬರೆದಿದ್ದನ್ನು ಓದಿದೆವು. ರಂಜಾನಿನಲ್ಲಿ ನಸುಕಿನ ಸಹರಿ ಊಟಕ್ಕೆ ನಾನೂ ಎದ್ದು ಟೀ ಕಾಯಿಸ್ತೀನಿ ಅಂದಿದ್ದೆ. ಮೊದಲ ವರ್ಷ ಎದ್ದದ್ದು ನಾಲ್ಕೇ ದಿನ. ಇವತ್ತಿಗೂ ಜಗಳ ಬಂದರೆ 'ಮೂರು ಜನ ಸಾಕ್ಷಿ ಇದ್ರು' ಅಂತ ಶುರು ಮಾಡ್ತಾಳೆ. ಸುಖದುಃಖಗಳಲ್ಲಿ ಜೊತೆಯಾಗಿರ್ತೀನಿ ಅಂದುಬಿಟ್ಟಿದ್ದರೆ ನಾನು ಯಾವತ್ತೂ ಸಿಕ್ಕಿಬೀಳುತ್ತಿರಲಿಲ್ಲ. ನಿನ್ನ ಕರಡಿನಲ್ಲಿ ನೀನು ಸಿಕ್ಕಿಬೀಳುವಂಥ ಒಂದು ಸಾಲಾದರೂ ಇದೆಯಾ, ನೋಡು.

ಹಳೆಯ ಮಾತೇ ಬೇಡ ಅಂತಲ್ಲ. ಸಪ್ತಪದಿಯ ಏಳನೇ ಹೆಜ್ಜೆ ಗೆಳೆತನಕ್ಕೆ, ಅದು ನನಗೂ ಇಷ್ಟ. ಆದರೆ ಕನ್ನಡದಲ್ಲಿ ಹೇಳು. ನಿಮ್ಮಪ್ಪ ಇದೆಲ್ಲ ಯಾವ ಊರಿನ ಪದ್ಧತಿ ಅಂದರೆ, ಪುರೋಹಿತರಿಲ್ಲದ ಮಂತ್ರ ಮಾಂಗಲ್ಯದಲ್ಲಿ ಕುವೆಂಪು ಮಗನ ಮದುವೆ ಮಾಡಿಸಿದ್ದು 1966ರಲ್ಲಿ ಅನ್ನು. ಮೂಡಿಗೆರೆಯ ತೇಜಸ್ವಿ ಅಂದರೆ ಅವರಿಗೆ ಗೌರವ ಇದೆ, ಸುಮ್ಮನಾಗ್ತಾರೆ.

ಈಗ ಕಷ್ಟದ ವಿಷಯ. ಚರ್ಚಿನಲ್ಲೂ ಮದುವೆ ಇಟ್ಟುಕೊಳ್ಳುವುದಾದರೆ, ಕ್ಯಾಥೊಲಿಕ್ ಹುಡುಗಿ ನಿನ್ನಂಥವನನ್ನು ಮದುವೆಯಾಗಲು ಬಿಷಪ್ಪರ ಅನುಮತಿ ಬೇಕು. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡ್ತೀನಿ ಅಂತ ಅವಳು ಮಾತು ಕೊಡಬೇಕಾಗುತ್ತೆ. ಆ ಮಾತು ಕೊಡುವವಳು ಅವಳು, ನೀನಲ್ಲ. ಆದರೆ ನಿನಗೆ ಅದನ್ನು ತಿಳಿಸಲೇಬೇಕು ಅನ್ನೋದೂ ಅವರ ನಿಯಮವೇ. ನಿನ್ನ ಕರಡಿನಲ್ಲಿ ಮಕ್ಕಳ ಸುದ್ದಿಯೇ ಇಲ್ಲ. ಗೊತ್ತಿಲ್ಲದೆ ಬಿಟ್ಟೆಯೋ, ಗೊತ್ತಿದ್ದೂ ಬಿಟ್ಟೆಯೋ? ಒಂದು ಸಂಜೆ ಫೋನ್ ಆಫ್ ಮಾಡಿ ಇಬ್ಬರೇ ಕೂತು ಮಾತಾಡಿ. ಬಗೆಹರಿಯದಿದ್ದರೆ, 'ಇದನ್ನಿನ್ನೂ ತೀರ್ಮಾನಿಸಿಲ್ಲ, ನಿನ್ನನ್ನು ಬಿಟ್ಟು ತೀರ್ಮಾನಿಸಲ್ಲ' ಅಂತಲೇ ಬರಿ. ಅದೂ ಮಾತೇ ತಾನೆ.

ಇನ್ನೊಂದು. ಈ ಕಾಯ್ದೆಯಡಿ ಮದುವೆಯಾದರೆ ನೀನು ಅವಿಭಕ್ತ ಕುಟುಂಬದಿಂದ ಬೇರೆಯಾದ ಲೆಕ್ಕ. ತೋಟ ಇನ್ನೂ ಒಟ್ಟಿಗೇ ಇದೆಯಲ್ಲ, ಮೊದಲು ವಕೀಲರ ಹತ್ತಿರ ಹೋಗಿ ಬಾ.

ಮತ್ತೆ, ಅವಳ ಪಾಲಿನ ಪ್ರತಿಜ್ಞೆಯನ್ನು ನೀನು ಬರೆಯಬೇಡವೋ! ಎರಡೂ ನಿನ್ನದೇ ಬರವಣಿಗೆ ಅಂತ ಮೊದಲ ಸಾಲಿಗೇ ಗೊತ್ತಾಯ್ತು. ಅವಳೂ ಬರೀಲಿ. ಮದುವೆ ದಿನದವರೆಗೆ ನೋಡಬೇಡ.

ನನ್ನವಳು ಹೆಗಲ ಮೇಲಿಂದ ಇದನ್ನೆಲ್ಲ ಓದುತ್ತಾ ನಿಂತಿದ್ದಾಳೆ. ಈ ಸಲ ಎಷ್ಟು ದಿನ ಎದ್ರಿ ಅಂತಲೂ ಬರೀರಿ ಅಂತಿದ್ದಾಳೆ.

ಹನ್ನೊಂದು.

ನಿನ್ನ ಗೆಳೆಯ