ಹಗುರ ಕೆಲಸ ಯಾವುದು?

ಮಾನ್ಯ ಸಂಪಾದಕರೇ,

ಮಹಿಳಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಪಡೆದರೆ ಉದ್ಯೋಗವೆಲ್ಲಿ ಎಂಬ ಪ್ರಶ್ನೆ ಕೊಡಗಿನ ಮನೆಗಳಲ್ಲೂ ಕೇಳಿಬರುತ್ತದೆ. ಪ್ರಶ್ನೆ ಸಹಜವೇ. ಆದರೆ ಕಾಫಿ ಹಣ್ಣು ಕೊಯ್ಯುವುದು ಹೆಣ್ಣಾಳಿನ ಹಗುರ ಕೆಲಸ, ಏಣಿ ಹತ್ತಿ ಕರಿಮೆಣಸು ಕೊಯ್ಯುವುದು ಗಂಡಾಳಿನ ಕಷ್ಟದ ಕೆಲಸ ಎಂದು ವಿಂಗಡಿಸಿದವರು ಯಾರು, 1976ರಲ್ಲೇ ಸಮಾನ ವೇತನ ಕಾಯ್ದೆ ಬಂದರೂ ಆ ವಿಂಗಡಣೆ ಕೂಲಿಯ ಲೆಕ್ಕದೊಳಗೆ ಹೇಗೆ ನುಸುಳುತ್ತದೆ ಎಂದು ಕ್ರಮಬದ್ಧವಾಗಿ ಕೇಳಲು ಕಲಿಸುವುದು ಈ ವಿಷಯವೇ. (ದಿನವಿಡೀ ಬೆನ್ನು ಬಾಗಿಸಿ ಕೊಯ್ದವರು ಅದನ್ನು ಹಗುರವೆನ್ನಲಾರರು.) ಐವತ್ತು ಮಹಿಳಾ ಕಾರ್ಮಿಕರಿದ್ದ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು, ಅದು ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದೂ ಸಂಶೋಧನೆಗೆ ತಕ್ಕ ವಸ್ತು. ನಮ್ಮ ಜಿಲ್ಲೆಯ ಚಿಕ್ಕಅಳುವಾರದ ವಿಶ್ವವಿದ್ಯಾಲಯ ಆವರಣದಲ್ಲಿ ಓದುವವರು ಕ್ಷೇತ್ರಕಾರ್ಯಕ್ಕಾಗಿ ದೂರ ಹೋಗಬೇಕಿಲ್ಲ. ತೋಟ ಕಾರ್ಮಿಕರು ವಾಸಿಸುವ ಸಾಲುಮನೆಗಳಾದ ಲೈನ್‌ಮನೆಗಳು ಇಲ್ಲಿನ ತೋಟಗಳಲ್ಲೇ ಇವೆ.

– ಓದುಗರೊಬ್ಬರು, ಸೋಮವಾರಪೇಟೆ