ಕ್ರೆಡಿಟ್ ಇದೆಯಾ ಅಂತ ಮೊದಲು ಕೇಳು

ಪ್ರೀತಿಯ ಪುಟ್ಟಿಗೆ,

ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ "ಎಚ್-4 ವೀಸಾ, ಕೆಲಸ ಮಾಡೋ ಹಾಗಿಲ್ಲ, ಎಂ.ಎಸ್.ಗೆ ದುಡ್ಡಿಲ್ಲ, ಮನೇಲಿ ಕೂತು ಕೂತು ತಲೆ ಕೆಟ್ಟಿದೆ" ಅಂದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ನ್ಯೂಜೆರ್ಸಿಯ ಈ ಎಡಿಸನ್ನಿನಲ್ಲಿ ಎರಡು ಚಳಿಗಾಲ ಹಾಗೇ ಕಿಟಕಿ ನೋಡುತ್ತಾ ಕೂತವಳು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಂಡನ ಕೆಲಸದ ವೀಸಾದ ಮೇಲೆ ನಿನಗೆ ಸಿಕ್ಕ ಈ ಎಚ್-4ನಲ್ಲಿ ಕೆಲಸಕ್ಕೆ ತಡೆ, ಓದಿಗೆ ಇಲ್ಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು, ಪ್ರತಿ ಸೆಮಿಸ್ಟರ್ ಪೂರ್ತಿ ಕೋರ್ಸ್‌ಗಳನ್ನು ತೊಗೊಳ್ಳಲೇಬೇಕು. ನೀನು ಒಂದೇ ಒಂದು ತೊಗೊಂಡರೂ ಯಾರೂ ಕೇಳುವುದಿಲ್ಲ. ಓದು ಮುಗಿದ ಮೇಲೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ (ಒಪಿಟಿ) ಮಾತ್ರ ಅವರಿಗೇ, ನಿನಗಿಲ್ಲ. ಆದರೆ ಅಳಿಯಂದಿರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾದರೆ ನೀನು ಕೆಲಸದ ಪರವಾನಗಿಗೆ (ಇಎಡಿ) ಅರ್ಜಿ ಹಾಕಬಹುದು. 2015ರಿಂದ ಆ ಅನುಕೂಲ ಇದೆ. ನನ್ನ ಕಾಲದಲ್ಲಿ ಇರಲಿಲ್ಲ. ಅದು ಬರುವ ಹೊತ್ತಿಗೆ ಕೈಯಲ್ಲಿ ಏನಾದರೂ ಇರಬೇಕಲ್ವಾ?

ಡಿಪ್ಲೊಮಾ ಅಂತ ಹುಡುಕಿದರೆ ಏನೂ ಸಿಗಲಿಲ್ಲ ಅಂದೆ. ಹೇಗೆ ಸಿಗುತ್ತೆ? ನಮ್ಮ ಕಡೆ ಪಿ.ಜಿ. ಡಿಪ್ಲೊಮಾ ಅಂದರೆ ಒಂದು ವರ್ಷದ ಓದು. ಇಲ್ಲಿ ಡಿಪ್ಲೊಮಾ ಅಂದರೆ ಹೆಚ್ಚಾಗಿ ಡಿಗ್ರಿ ಮುಗಿದಾಗ ಕೈಗೆ ಕೊಡುವ ಕಾಗದ. 'ಗ್ರಾಜುಯೇಟ್ ಸರ್ಟಿಫಿಕೇಟ್' ಅಂತ ಹುಡುಕು. ಇಲ್ಲಿ ಗ್ರಾಜುಯೇಟ್ ಅಂದರೆ ನಮ್ಮ ಪಿ.ಜಿ. ಮಟ್ಟ. ಸಾಮಾನ್ಯವಾಗಿ ನಾಲ್ಕರಿಂದ ಆರು ಕೋರ್ಸ್, 12ರಿಂದ 18 ಕ್ರೆಡಿಟ್. ಕ್ರೆಡಿಟ್ ಅಂದರೆ ಕೋರ್ಸಿನ ತೂಕ ಅಳೆಯುವ ಅಂಕ, ಡಿಗ್ರಿಗೆ ಎಣಿಸುವುದು ಅದನ್ನೇ. ಎಂ.ಎಸ್. ಆದರೆ 30 ಅಥವಾ ಅದಕ್ಕಿಂತ ಹೆಚ್ಚು. ಅದಕ್ಕಿಂತ ಚಿಕ್ಕ ಹೆಜ್ಜೆ ಬೇಕಾದರೆ 'ನಾನ್-ಡಿಗ್ರಿ' ವಿದ್ಯಾರ್ಥಿಯಾಗಿ ಒಂದೇ ಕೋರ್ಸ್ ತೊಗೋ. ಡಿಗ್ರಿಗೆ ಸೇರಿದವರ ಪಕ್ಕದಲ್ಲೇ ಕೂತು ಅದೇ ಪರೀಕ್ಷೆ ಬರೆಯುತ್ತೀಯ. ಎಷ್ಟೋ ಕಡೆ ಜಿಆರ್‌ಇ ಪ್ರವೇಶ ಪರೀಕ್ಷೆ ಕೂಡ ಕೇಳುವುದಿಲ್ಲ. ಹಾರ್ವರ್ಡ್ ಎಕ್ಸ್‌ಟೆನ್ಷನ್ ಸ್ಕೂಲ್‌ನಲ್ಲಂತೂ ಮೊದಲು ಕೋರ್ಸ್‌ಗಳನ್ನು ಓದಿ ಒಳ್ಳೆ ಗ್ರೇಡ್ ತೋರಿಸಿದ ಮೇಲೇ ಡಿಗ್ರಿಗೆ ಸೇರಿಸಿಕೊಳ್ಳುವುದು.

ಈಗ ನಾನು ಬಿದ್ದ ಹಳ್ಳದ ಕಥೆ. ಇಲ್ಲಿನ ಒಂದು ಕಾಲೇಜಿನಲ್ಲಿ ಸಂಜೆ ಸರ್ಟಿಫಿಕೇಟ್ ಕೋರ್ಸ್ ಮಾಡಿದೆ. ನಿಮ್ಮ ಚಿಕ್ಕಪ್ಪ ಹೊಸ ಕಾರಿಗೆ ಕೂಡಿಟ್ಟ ದುಡ್ಡು ಅದು. ಕೊನೆಗೆ ದಪ್ಪ ಕಾಗದ, ಚಿನ್ನದ ಬಣ್ಣದ ಉಬ್ಬು ಮುದ್ರೆ, ನನ್ನ ಹೆಸರಿನಲ್ಲಿ ಒಂದು 'ಎ' ಜಾಸ್ತಿ. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ. ಎರಡು ವರ್ಷ ಬಿಟ್ಟು ಅದೇ ಕಾಲೇಜಿಗೆ ಎಂ.ಎಸ್. ಸೇರಲು ಹೋದರೆ ಕೌಂಟರಿನ ಹೆಂಗಸು ಅದನ್ನು ತಿರುಗಿಸಿ ನೋಡಿ, "ಟ್ರಾನ್ಸ್‌ಕ್ರಿಪ್ಟ್ ಎಲ್ಲಿ?" ಅಂದರು. ಓದಿದ ಕೋರ್ಸ್, ಗ್ರೇಡ್‌ಗಳ ಅಧಿಕೃತ ಪಟ್ಟಿ ಅದು. ನನ್ನ ಹತ್ತಿರ ಇರಲೇ ಇಲ್ಲ. ನಾನು ಮಾಡಿದ್ದು ಕ್ರೆಡಿಟ್ ಇಲ್ಲದ ಕೋರ್ಸ್. ಹಾಜರಿ ಹಾಕಿದ್ದಕ್ಕೆ ಕೊಟ್ಟ ಕಾಗದ. ಕಲಿತದ್ದು ಸುಳ್ಳಲ್ಲ, ಆದರೆ ಲೆಕ್ಕಕ್ಕೆ ಬರಲಿಲ್ಲ. ಕ್ರೆಡಿಟ್ ಇರುವುದಕ್ಕೂ ಇಲ್ಲದ್ದಕ್ಕೂ ಇಲ್ಲಿ ಒಂದೇ ಹೆಸರು, ಸರ್ಟಿಫಿಕೇಟ್! ದುಡ್ಡು ಕಟ್ಟುವ ಮೊದಲು ಇಷ್ಟು ಕೇಳು: ಇದಕ್ಕೆ ಗ್ರಾಜುಯೇಟ್ ಕ್ರೆಡಿಟ್ ಇದೆಯಾ? ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರುತ್ತಾ? ನಾಳೆ ಡಿಗ್ರಿಗೆ ಸೇರಿದರೆ ಎಷ್ಟು ಕ್ರೆಡಿಟ್ ಹಿಡಿಯುತ್ತೀರಿ? ಎಲ್ಲವನ್ನೂ ಹಿಡಿಯುವವರು ಕಡಿಮೆ. ಉತ್ತರ ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲಿ ತೊಗೋ.

ನೀನು ಬಿ.ಕಾಂ. ಓದಿರುವುದರಿಂದ ಸಿಪಿಎ, ಅಂದರೆ ನಮ್ಮ ಸಿ.ಎ.ಯಂಥ ಲೈಸೆನ್ಸ್, ಅದರ ಕಡೆಗೂ ಒಮ್ಮೆ ನೋಡು. ಆ ಲೈಸೆನ್ಸ್‌ಗೆ ಬಹುಕಾಲದಿಂದ 150 ಕ್ರೆಡಿಟ್ ಕೇಳುತ್ತಾರೆ. ಹಲವು ರಾಜ್ಯಗಳು ಈಚೆಗೆ ಸಡಿಲ ಮಾಡುತ್ತಿವೆ. ಇಲ್ಲಿನ ನಾಲ್ಕು ವರ್ಷದ ಡಿಗ್ರಿಗೇ 120. ನಿನ್ನದು ಮೂರು ವರ್ಷದ್ದು. ಉಳಿದದ್ದನ್ನು ಜನ ಹೀಗೇ ಬಿಡಿ ಬಿಡಿ ಕೋರ್ಸ್ ಮಾಡಿ ತುಂಬಿಕೊಳ್ಳುತ್ತಾರೆ. ಯಾವುದು ಎಣಿಕೆಗೆ ಬರುತ್ತದೆ ಅಂತ ನೀನಿರುವ ಟೆಕ್ಸಾಸಿನ ಸಿಪಿಎ ಬೋರ್ಡಿನ ನಿಯಮ ಓದಿಯೇ ಆರಿಸು. ಮೂರು ವರ್ಷದ ಡಿಗ್ರಿ ಅಂತ ಕೆಲವು ಕಾಲೇಜುಗಳು ಗ್ರಾಜುಯೇಟ್ ಕೋರ್ಸ್‌ಗೇ ಸೇರಿಸಿಕೊಳ್ಳುವುದಿಲ್ಲ. ಬೇಜಾರು ಮಾಡ್ಕೋಬೇಡ, ಇನ್ನೊಂದು ಕಡೆ ಕೇಳು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಕೋರ್ಸ್ ಅಗ್ಗ.

ನಿಮ್ಮಪ್ಪನಿಗೆ ಈ ವಾರವೇ ಮೈಸೂರು ಯೂನಿವರ್ಸಿಟಿಯ ಕಚೇರಿ ಕ್ರಾಫರ್ಡ್ ಹಾಲ್‌ಗೆ ಹೋಗಿ ನಿನ್ನ ಟ್ರಾನ್ಸ್‌ಕ್ರಿಪ್ಟ್ ವಿಚಾರಿಸಲು ಹೇಳಿದ್ದೇನೆ. ಅದು ಕವರಿನಲ್ಲಿ ಬಂದರೆ, ಅಂಟಿಸಿದ ಜಾಗದ ಮೇಲೆ ಯೂನಿವರ್ಸಿಟಿ ಸೀಲು, ಸಹಿ ಎರಡೂ ಇರಬೇಕು. ಅಪ್ಪಿತಪ್ಪಿಯೂ ಒಡೆಯಬೇಡ. ನಿಮ್ಮಪ್ಪನೂ ಒಡೆಯದ ಹಾಗೆ ನೋಡಿಕೋ, ಅವರ ಕುತೂಹಲ ನನಗೆ ಗೊತ್ತು.

ಮೊದಲ ಸಲಕ್ಕೆ ಒಂದೇ ಕೋರ್ಸ್ ಸಾಕು. ಅದರ ಫೀಸು ನಾನು ಕೊಡುತ್ತೇನೆ, ಅಳಿಯಂದಿರಿಗೆ ನಾನೇ ಹೇಳುತ್ತೇನೆ. ಭಾನುವಾರ ನಿನ್ನ ಹತ್ತು ಗಂಟೆಗೆ, ನನ್ನ ಹನ್ನೊಂದಕ್ಕೆ, ಫೋನ್ ಮಾಡುತ್ತೇನೆ. ಆರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಎದುರಿಗೆ ಇಟ್ಟುಕೊಂಡಿರು.

ಇತಿ ನಿನ್ನ,
ಚಿಕ್ಕಮ್ಮ